ತಿಳಿದೂ ತಿಳಿಯದವರಂತೆ

ಮಗುವಿಗೆ ದೊಡ್ಡ ಕಾಯಿಲೆ ಬಂದ ಮನೆಯಲ್ಲಿ ಮೊತ್ತಮೊದಲು ಬದಲಾಗುವುದು ಹಿರಿಯರ ದನಿ. ವೈದ್ಯರು ಹೇಳಿದ ಮಾತಿನ ಚರ್ಚೆಯು ಪಡಸಾಲೆಯನ್ನು ಬಿಟ್ಟು ಹಿತ್ತಿಲಿಗೆ ಸರಿಯುವುದು. ಕ್ಯಾನ್ಸರ್ ಎಂಬ ಶಬ್ದವು ‘ರಕ್ತ ಸ್ವಲ್ಪ ಕಡಿಮೆ’ ಎಂದೋ ‘ಸಣ್ಣ ಗಡ್ಡೆ’ ಎಂದೋ ವೇಷ ಧರಿಸುವುದು. ‘ಮಗುವಿನ ಮುಂದೆ ಬೇಡ’ ಎಂಬ ಅಪ್ಪಣೆಯು ನೋಡಲು ಬಂದ ನೆಂಟರಿಗೆಲ್ಲ ಕಣ್ಸನ್ನೆಯಲ್ಲಿಯೇ ಮುಟ್ಟುವುದು. ಈ ಗೋಪನವು ವಾತ್ಸಲ್ಯದಿಂದಲೇ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ಮಗುವಿನಿಂದ ಇದನ್ನೆಲ್ಲ ಮುಚ್ಚಿಟ್ಟಿರುವೆವೆಂದು ನಾವು ನೆಮ್ಮದಿಯಿಂದಿರುವೆವೋ ಆ ಮಗು ಆಗಲೇ ಎಲ್ಲವನ್ನೂ ಬಲ್ಲದಾಗಿದ್ದರೆ?

ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆಯು 1970ರ ದಶಕದ ಆರಂಭದಲ್ಲಿ, ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ಬಹುಪಾಲು ಉಳಿಯದಿದ್ದ ಆ ಕಾಲದಲ್ಲಿ, ಅಲ್ಲಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ತಿಂಗಳುಗಟ್ಟಲೆ ಕುಳಿತು, 3ರಿಂದ 9 ವರ್ಷದ ಮಕ್ಕಳ ಆಟವನ್ನೂ ಮಾತನ್ನೂ ಮೌನವನ್ನೂ ಗಮನಿಸಿ, 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಆ ಮಕ್ಕಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಆದರೂ ತಮಗೆ ಬಂದಿರುವುದು ಭಾರಿ ರೋಗವೆಂಬುದನ್ನು ಮೊದಲು, ಆಮೇಲೆ ಔಷಧಗಳ ಹೆಸರುಗಳನ್ನು, ಬಳಿಕ ಬೆನ್ನಿಗೆ ಸೂಜಿ ಚುಚ್ಚುವುದು ಏತಕ್ಕೆಂಬುದನ್ನು, ಅನಂತರ ಈ ರೋಗವು ಹೋದಂತೆ ಮಾಡಿ ಮರಳಿ ಬರುವುದೆಂಬುದನ್ನು, ಕಡೆಗೆ ಜೊತೆಯ ಮಗುವೊಂದು ತೀರಿಕೊಂಡ ದಿನ ಆ ಹೋಗಿಬರುವಿಕೆಗೂ ಒಂದು ಕೊನೆಯುಂಟೆಂಬುದನ್ನು ಅವು ಒಂದೊಂದಾಗಿ ಅರಿತುಕೊಂಡಿದ್ದವು. ಇಲ್ಲಿ ವಯಸ್ಸು ಲೆಕ್ಕಕ್ಕೆ ಬರಲಿಲ್ಲ: ರೋಗವು ಪದೇ ಪದೇ ಮರುಕಳಿಸಿದ್ದ ನಾಲ್ಕು ವರ್ಷದ ಸಾಧಾರಣ ಮಗುವಿಗೆ ತಿಳಿದಿದ್ದಷ್ಟು ಆಗತಾನೆ ಚೇತರಿಸಿಕೊಂಡಿದ್ದ ಒಂಬತ್ತು ವರ್ಷದ ಜಾಣನಿಗೆ ತಿಳಿದಿರಲಿಲ್ಲ. ಬಲ್ಲ ಮಕ್ಕಳು ಸತ್ತ ಗೆಳೆಯರ ಆಟಿಕೆಗಳನ್ನು ಮುಟ್ಟುತ್ತಿರಲಿಲ್ಲ. ಮುಂದಿನ ಹಬ್ಬದ ಮಾತನ್ನೆತ್ತುತ್ತಿರಲಿಲ್ಲ. ತಂದೆತಾಯಿಗಳ ಎದುರಿನಲ್ಲಿ ಮಾತ್ರ ಏನೂ ಅರಿಯದವರಂತೆ ಇರುತ್ತಿದ್ದವು. ಏಕೆಂದರೆ ಆ ಮಾತನ್ನು ಆಡಿದೊಡನೆ ಹಿರಿಯರು ಕಣ್ಣೊರೆಸಿಕೊಂಡು ಕೊಠಡಿಯಿಂದ ಹೊರಕ್ಕೆ ನಡೆಯುವರೆಂಬುದನ್ನೂ ಅವು ಕಲಿತಿದ್ದವು.

ಕಠೋಪನಿಷತ್ತಿನ ಬಾಲಕನು ತನ್ನನ್ನು ಯಾರಿಗೆ ಕೊಡುವೆಯೆಂದು ತಂದೆಯನ್ನು ಮೂರು ಸಲ ಕೇಳಿದನು. ಈ ಮಕ್ಕಳಲ್ಲಿ ಹೆಚ್ಚಿನವರು ಕೇಳಲೇ ಇಲ್ಲ. ತಂದೆಯನ್ನು ನೋಯಿಸಬಾರದೆಂಬ ವಿವೇಕ ಇವರಲ್ಲಿ ಇನ್ನೂ ಒಂದು ತೂಕ ಹೆಚ್ಚಾಗಿದ್ದಿತೆಂದೇ ಹೇಳಬೇಕು.

ಈ ನಟನೆಯ ಬೆಲೆಯೇನು? ಜಾನ್ ಸ್ಪಿನೆಟಾ ಎಂಬ ಮನಶ್ಶಾಸ್ತ್ರಜ್ಞನೂ ಆತನ ಸಂಗಡಿಗರೂ ಆಸ್ಪತ್ರೆಯ ಕೊಠಡಿಯ ಚಿಕ್ಕ ಮಾದರಿಯೊಂದನ್ನು ಮಾಡಿ, ವೈದ್ಯ, ದಾದಿ, ತಾಯಿ, ತಂದೆಯರ ಗೊಂಬೆಗಳನ್ನು ಮಕ್ಕಳ ಕೈಗಿತ್ತು, ಅವನ್ನು ಹಾಸಿಗೆಯ ಮಗುವಿನ ಸುತ್ತ ಇರಿಸುವಂತೆ ಹೇಳಿದರು. ಬೇರೆ ದೀರ್ಘರೋಗಗಳ ಮಕ್ಕಳಿಗಿಂತ ರಕ್ತದ ಕ್ಯಾನ್ಸರಿನ ಮಕ್ಕಳು ಆ ಗೊಂಬೆಗಳನ್ನು ಹೆಚ್ಚು ದೂರದಲ್ಲಿ ಇರಿಸಿದವು. ಮತ್ತೆ ಆಸ್ಪತ್ರೆ ಸೇರಿದಾಗ ಆ ದೂರವು ಇನ್ನೂ ಬೆಳೆದಿದ್ದಿತು. 1974ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ಮೇಲೆ, ಹಿತ್ತಿಲಿನ ಪಿಸುಮಾತು ಯಾರನ್ನು ಕಾಪಾಡುತ್ತಿದೆಯೆಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ.

ಹಾಗೆಂದು ಮಾತಾಡಿಬಿಡುವುದೇ ಧರ್ಮವೆಂದು ಸಾರುವ ಉತ್ಸಾಹವೂ ನನಗಿಲ್ಲ. 1992ರಿಂದ 1997ರವರೆಗಿನ ಅವಧಿಯಲ್ಲಿ ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ಸ್ವೀಡನ್ನಿನ ತಂದೆತಾಯಿಗಳನ್ನು ಉಲ್ರಿಕಾ ಕ್ರೈಸ್‌ಬರ್ಗ್ಸ್ ಮತ್ತು ಸಂಗಡಿಗರು ವಿಚಾರಿಸಿ 2004ರಲ್ಲಿ ಫಲಿತಾಂಶವನ್ನು ತಿಳಿಸಿದರು. ಮಗುವಿನೊಡನೆ ಸಾವಿನ ಮಾತನ್ನಾಡದ 258 ಮಂದಿಯಲ್ಲಿ 69 ಮಂದಿ ಪಶ್ಚಾತ್ತಾಪಪಟ್ಟರು. ಉಳಿದವರು ಪಡಲಿಲ್ಲ, ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮಗುವಿಗೆ ತಿಳಿದಿದೆಯೆಂದು ಒಳಗೊಳಗೇ ಶಂಕಿಸಿಯೂ ಸುಮ್ಮನಿದ್ದವರಲ್ಲಿ ಪಶ್ಚಾತ್ತಾಪವು 100ಕ್ಕೆ 47ರಷ್ಟಿದ್ದಿತು. ಇನ್ನು ಮಾತನಾಡಿದ 147 ಮಂದಿಯಲ್ಲಿ ಹಾಗೆ ಮಾಡಬಾರದಿತ್ತೆಂದವರು ಒಬ್ಬರೂ ಇಲ್ಲ.

ಇಂದು ಪೂರ್ಣ ಚಿಕಿತ್ಸೆ ದೊರೆತೆಡೆಯಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಬಹುಪಾಲು ಗುಣಹೊಂದುವುದರಿಂದ, ಮಗು ಕೇಳುವುದು ಎಷ್ಟೋ ಸಲ ಕೂದಲು ಉದುರುವ ವಿಷಯ, ಶಾಲೆಗೆ ಮರಳುವ ವಿಷಯ. ಕೇಳುವುದು ಏನೇ ಇರಲಿ, ನಿಮ್ಮ ಮನೆಯ ಮಗು ಬಾಯಿತೆರೆದ ದಿನ ಉತ್ತರ ತೋಚದಿದ್ದರೂ ಚಿಂತೆಯಿಲ್ಲ. ದಯಮಾಡಿ ಕೊಠಡಿಯಿಂದ ಹೊರಗೆ ಹೋಗಬೇಡಿ.