ನೀವೇ ಎತ್ತಲಾರದ ಪೆಟ್ಟಿಗೆ ಬೇಡ



ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಹಪ್ಪಳ, ಸಂಡಿಗೆ ಕಾಪಾಡುವ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳಲ್ಲಿ ಒಂದು ಹಪ್ಪಳದ ಮಾತನ್ನೇ ಎತ್ತಿರಲಿಲ್ಲ. "ಮಗಳನ್ನು ಹಾಸ್ಟೆಲಿಗೆ ಸೇರಿಸುತ್ತಿದ್ದೇವೆ. ಕಡಿಮೆ ಬೆಲೆಗೆ ಸಿಕ್ಕಿ ನಾಲ್ಕು ವರ್ಷ ಬಾಳುವಂಥ ಸೂಟ್‌ಕೇಸ್ ಆರಿಸುವುದು ಹೇಗೆ, ದಯವಿಟ್ಟು ತಿಳಿಸಿ" ಅಂತ ಹಾವೇರಿ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ. ಓದಿ ಮೊದಲು ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಯಾಕೆಂದರೆ ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತವಳು.

ನನ್ನ ಮದುವೆಯಲ್ಲಿ, ಅಂದರೆ 2002ರಲ್ಲಿ, ಅಪ್ಪ ನಂಬರ್ ಬೀಗದ ಒಂದು ಗಟ್ಟಿ ಸೂಟ್‌ಕೇಸ್ ಕೊಡಿಸಿದ್ದರು. ಅದು ಇಂದಿಗೂ ಅಟ್ಟದ ಮೇಲಿದೆ. ರೇಷ್ಮೆ ಸೀರೆ ತುಂಬಿಟ್ಟಿದ್ದೇನೆ, ಒಂದು ಮುಕ್ಕೂ ಆಗಿಲ್ಲ. ಆದರೆ ಅದಕ್ಕೆ ಚಕ್ರವಿಲ್ಲ. ಕೂತು ಯೋಚಿಸಿದರೆ, ಇಷ್ಟು ವರ್ಷದಲ್ಲಿ ಅದನ್ನು ನಾನು ನೂರು ಸಲ ತುಂಬಿದ್ದೇನೆ, ನೂರು ಸಲ ಖಾಲಿ ಮಾಡಿದ್ದೇನೆ, ಒಂದು ಸಲವೂ ಎತ್ತಿಕೊಂಡು ಹೋಗಿಲ್ಲ! ಎತ್ತಿದ್ದು ಅಪ್ಪ, ಅಣ್ಣ, ನಮ್ಮವರು, ಇಲ್ಲವೇ ಹಮಾಲಿ. ಅವರಿಗೆ ಬಿಡುವಾದಾಗ ನನಗೆ ತವರಿನ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಆಗ ಅದು ವಿಚಿತ್ರ ಅಂತಲೂ ಅನ್ನಿಸಿರಲಿಲ್ಲ.

2023ರಲ್ಲಿ ಮಗಳಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಊರಿನ ಅಂಗಡಿಯೊಂದರಲ್ಲಿ "ಒಂದರ ಬೆಲೆಗೆ ಮೂರು" ಅಂತ ಬೋರ್ಡು. ಚೀಟಿಯಲ್ಲಿ 12,000 ಅಂತಿದ್ದುದನ್ನು ಹೊಡೆದುಹಾಕಿ ಕೆಳಗೆ 3,600 ಬರೆದಿದ್ದರು. "ಅಕ್ಕಾ, ಗ್ಯಾರಂಟಿ ಮಾಲು, ಕಣ್ಣು ಮುಚ್ಚಿ ತಗೊಳ್ಳಿ" ಅಂದ ಅಂಗಡಿಯ ಹುಡುಗ. ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ತಗೊಂಡೆ. ನೋಡಿದ್ದು ಬಣ್ಣ ಒಂದನ್ನೇ. ಮೂರರಲ್ಲಿ ದೊಡ್ಡದಕ್ಕೆ ಬಟ್ಟೆ, ಹೊದಿಕೆ, ಪುಸ್ತಕ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ತುರುಕಿ, ಮೇಲೆ ಮಗಳನ್ನು ಕೂರಿಸಿ ಜಿಪ್ ಎಳೆದೆ.

ಶಿವಮೊಗ್ಗದಲ್ಲಿ ನಮ್ಮವರೂ ಮೈದುನರೂ ಸೇರಿ ಅದನ್ನು ರಾತ್ರಿ ರೈಲಿಗೆ ಹತ್ತಿಸಿದರು. ಇಬ್ಬರು ಗಂಡಸರು ಹತ್ತಿಸಿದ್ದನ್ನು ನಾವಿಬ್ಬರು ಹೆಂಗಸರು ಇಳಿಸಬೇಕಲ್ಲ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ. ಬೆಳಿಗ್ಗೆ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಹೇಗೋ ಕೆಳಗೆ ದಬ್ಬಿದೆವು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಂದು ಚಕ್ರ ಕಿತ್ತು ಹೋಯಿತು. ಮೆಟ್ಟಿಲ ಹತ್ತಿರ ಜಗ್ಗಿದರೆ ಹಿಡಿ ಕೈಗೇ ಬಂತು. ಜಿಪ್ ಬಾಯಿ ಬಿಟ್ಟು ಚಟ್ನಿಪುಡಿ ಡಬ್ಬ ಜನರ ಕಾಲಿನ ನಡುವೆ ಉರುಳಿತು. ಅಸಲು ಅಂಕಪಟ್ಟಿಗಳನ್ನು ಹತ್ತು ಗಂಟೆಯೊಳಗೆ ಕಾಲೇಜಿಗೆ ಕೊಡಬೇಕಿತ್ತು. ಆ ಫೈಲೂ ಅದೇ ಪೆಟ್ಟಿಗೆಯ ತಳದಲ್ಲಿ! ಮಗಳು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡು, "ಅಮ್ಮಾ, ಪ್ರತಿ ಸಲ ಹಬ್ಬಕ್ಕೆ ಊರಿಗೆ ಬರೋಕೂ ಅಪ್ಪನೇ ಬಂದು ಕರ್ಕೊಂಡು ಹೋಗ್ಬೇಕಾ?" ಅಂದಳು. ಕಾಲೇಜು ಮುಟ್ಟಿದಾಗ ಹನ್ನೊಂದಾಗಿತ್ತು. ಪುಣ್ಯಕ್ಕೆ ಕೌಂಟರ್ ಮುಚ್ಚಿರಲಿಲ್ಲ. ಆದರೆ ಅವಳ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ.

ಆದ್ದರಿಂದ ಸೋದರಿಯರೇ, ನನ್ನ ಮೊದಲ ಸಲಹೆ ಬೆಲೆಯದ್ದಲ್ಲ, ತೂಕದ್ದು. ಯಾರು ಪ್ರಯಾಣ ಮಾಡುತ್ತಾರೋ ಅವರು ಆ ಪೆಟ್ಟಿಗೆಯನ್ನು ತುಂಬಿದ ಮೇಲೂ ತಾವೊಬ್ಬರೇ ಎತ್ತಿ ಬಸ್ಸಿನ ಮೆಟ್ಟಿಲು ಹತ್ತುವಂತಿರಬೇಕು.

ಅಳತೆ: ಅಂಗಡಿಗಳಲ್ಲಿ ಸಾಮಾನ್ಯವಾಗಿ ಸುಮಾರು 55, 65, 75 ಸೆಂ.ಮೀ. ಎತ್ತರದ ಮೂರು ಅಳತೆ ಇರುತ್ತವೆ. ಒಬ್ಬರಿಗೆ ಒಂದು ವಾರಕ್ಕೆ, ಹಾಸ್ಟೆಲ್ ಹುಡುಗಿಗೆ ಕೂಡ, ನಡುವಿನದು ಸಾಕು. ದೊಡ್ಡದನ್ನು ಕೊಂಡರೆ ಖಾಲಿ ಜಾಗ ಕಂಡಲ್ಲೆಲ್ಲ ನಾವು ಏನಾದರೂ ತುರುಕುತ್ತೇವೆ, ಇದು ಹೆಂಗಸರ ಹುಟ್ಟುಗುಣ! ಹೆಚ್ಚಿನದನ್ನು ಬೆನ್ನಿನ ಚೀಲಕ್ಕೆ ಹಾಕಿ. ರೈಲಿನಲ್ಲಿ ಸ್ಲೀಪರ್ ದರ್ಜೆಗೆ 40 ಕೆ.ಜಿ., ಸಾಮಾನ್ಯ ಎರಡನೇ ದರ್ಜೆಗೆ 35 ಕೆ.ಜಿ. ಉಚಿತವಾಗಿ ಒಯ್ಯಬಹುದು ಅಂತ ನಿಯಮವಿದೆ. ಆದರೆ ರೈಲು ಒಪ್ಪಿದ್ದನ್ನು ನಮ್ಮ ಸೊಂಟ ಒಪ್ಪಬೇಕಲ್ಲ? ವಿಮಾನದಲ್ಲಾದರೆ, ದೇಶದೊಳಗೆ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ ಒಳಗೆ ಕೊಡುವುದಕ್ಕೆ 15 ಕೆ.ಜಿ., ಕೈಯಲ್ಲಿ 7 ಕೆ.ಜಿ. ಅಷ್ಟೇ. ಟಿಕೆಟ್ಟಿನಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ಪೆಟ್ಟಿಗೆಯೇ ನಾಲ್ಕೈದು ಕೆ.ಜಿ. ತೂಗಿದರೆ ಸಾಮಾನಿಗೆ ಉಳಿಯುವುದೇನು? ಖಾಲಿ ತೂಕವನ್ನು ಅಂಗಡಿಯಲ್ಲೇ ಕೇಳಿ.

ಮೈ: ಬಟ್ಟೆಯದು ಬಗ್ಗುತ್ತದೆ, ಹೊರಗಡೆ ಜೇಬುಗಳಿರುತ್ತವೆ, ಆದರೆ ಬಸ್ಸಿನ ಡಿಕ್ಕಿಯಲ್ಲಿ ನೀರು ಹಿಡಿಯುತ್ತದೆ. ನಮ್ಮ ಮಲೆನಾಡಿನ ಮಳೆಗೆ ಗಟ್ಟಿ ಮೈಯದೇ ವಾಸಿ. ಗಟ್ಟಿ ಮೈಯಲ್ಲಿ ಮೂರು ಹೆಸರು ಕೇಳುತ್ತೀರಿ. ಎಬಿಎಸ್ ಅಗ್ಗ, ಹೊಳಪು ಚೆನ್ನ, ಆದರೆ ಜೋರು ಪೆಟ್ಟಿಗೆ ಸೀಳು ಬಿಡುತ್ತದೆ. ಪಾಲಿಕಾರ್ಬೊನೇಟ್ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ, ಬೆಲೆ ಹೆಚ್ಚು. ಪಾಲಿಪ್ರೊಪಿಲೀನ್ ಹಗುರ, ಗಟ್ಟಿ, ಬೆಲೆಯೂ ಕೈಗೆಟುಕುವಂಥದ್ದು. ನಮ್ಮಂಥ ಮನೆಗೆ ಇದು ಸರಿ. ಒಳಗಿನ ಚೀಟಿಯಲ್ಲಿ ಯಾವುದು ಅಂತ ಬರೆದಿರುತ್ತದೆ. ಹೆಬ್ಬೆರಳಿನಿಂದ ನಡುಭಾಗ ಒತ್ತಿ ನೋಡಿ. ಸ್ವಲ್ಪ ಬಗ್ಗಿ ತಿರುಗಿ ಬಂದರೆ ಒಳ್ಳೆಯದು.

ಚಕ್ರ: ಪೆಟ್ಟಿಗೆ ಸಾಯುವುದು ಮೈಯಿಂದಲ್ಲ, ಕಾಲಿನಿಂದ. ಸುತ್ತ ತಿರುಗುವ ನಾಲ್ಕು ಚಕ್ರದ್ದು ನುಣುಪು ನೆಲದ ಮೇಲೆ ಬೆರಳಲ್ಲಿ ತಳ್ಳಿದರೂ ಓಡುತ್ತದೆ. ಆದರೆ ಆ ಚಕ್ರಗಳು ಹೊರಕ್ಕೆ ಚಾಚಿಕೊಂಡಿರುತ್ತವೆ, ಪೆಟ್ಟು ಮೊದಲು ಅವಕ್ಕೇ. ಮಣ್ಣು ರಸ್ತೆ, ಜಲ್ಲಿ, ಒಡೆದ ಫುಟ್‌ಪಾತ್ ಇರುವ ಕಡೆಗೆ ಮೈಯೊಳಗೆ ಹುದುಗಿರುವ ಎರಡು ದೊಡ್ಡ ಚಕ್ರದ್ದೇ ಬಾಳುವುದು. ಚಕ್ರವನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆಯೇ ನೋಡಿ, ಹಾಗಿದ್ದರೆ ರಿಪೇರಿಯವನು ಸುಲಭವಾಗಿ ಬದಲಾಯಿಸಿ ಕೊಡುತ್ತಾನೆ. ಅಂಗಡಿಯ ನುಣುಪು ಟೈಲ್ಸ್ ಮೇಲೆ ಎಳೆದು ಮೋಸ ಹೋಗಬೇಡಿ. ಬಾಗಿಲ ಹೊರಗೆ ರಸ್ತೆಯ ಅಂಚಿನಲ್ಲಿ ಎಳೆದು ನೋಡಿ.

ಹಿಡಿ: ಎಳೆಯುವ ಹಿಡಿಯನ್ನು ಪೂರ್ತಿ ಎತ್ತಿ ಅಲ್ಲಾಡಿಸಿ. ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಆದರೆ ಲಟಲಟ ಅಂದರೆ ಬೇಡ. ಮೇಲೊಂದು, ಪಕ್ಕಕ್ಕೊಂದು ಎತ್ತುವ ಹಿಡಿ ಇರಲಿ. ಬರ್ತಿನ ಕೆಳಗಿಂದ ಎಳೆಯಲು, ಬಸ್ಸಿಗೆ ಹತ್ತಿಸಲು ಪಕ್ಕದ ಹಿಡಿಯೇ ಬೇಕು.

ಜಿಪ್: ಐದಾರು ಸಲ ಹಾಕಿ ತೆಗೆದು ನೋಡಿ, ಮುಖ್ಯವಾಗಿ ಮೂಲೆಗಳಲ್ಲಿ. ಬಿಡಿ ಬಿಡಿ ಹಲ್ಲಿನ ದಪ್ಪ ಜಿಪ್ ಸುರುಳಿ ಜಿಪ್ಪಿಗಿಂತ ಗಟ್ಟಿ. ಇನ್ನೊಂದು ವಿಷಯ ಕೇಳಿ ನನಗೆ ಗಾಬರಿಯಾಯಿತು. ಸುರುಳಿ ಜಿಪ್ಪನ್ನು ಬರೇ ಪೆನ್ನಿನ ತುದಿಯಿಂದ ಬಿಡಿಸಿ, ಬೀಗ ಮುಟ್ಟದೆ, ಮತ್ತೆ ಮುಚ್ಚಲೂ ಬರುತ್ತದಂತೆ! ಆದ್ದರಿಂದ ಎಷ್ಟೇ ಒಳ್ಳೆ ಬೀಗವಿದ್ದರೂ ಒಡವೆ, ಹಣ, ಔಷಧಿ, ಅಸಲು ಪತ್ರಗಳು ಕೈಚೀಲದಲ್ಲೇ ಇರಲಿ. ವಿಮಾನಕ್ಕಾದರೆ ಪವರ್ ಬ್ಯಾಂಕನ್ನೂ ಕೈಚೀಲದಲ್ಲೇ ಇಡಬೇಕು, ಒಳಗೆ ಕೊಡುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಬೆಲೆ: ಹೊಡೆದುಹಾಕಿದ ಬೆಲೆಯನ್ನು ನೋಡಲೇಬೇಡಿ, ಕೊಡುವ ಬೆಲೆಯನ್ನಷ್ಟೇ ಎರಡು ಮೂರು ಕಡೆ ಹೋಲಿಸಿ. ಮೂರರ ಸೆಟ್ಟಿನಲ್ಲಿ ಬಳಸುವುದು ಒಂದೇ ಆದರೆ ಉಳಿದೆರಡು ಅಟ್ಟಕ್ಕೆ ಭಾರ. ಆ ದುಡ್ಡಿಗೆ ಒಂದೇ ಒಂದು ಒಳ್ಳೆಯದು ಬರುತ್ತದೆ. ವಾರಂಟಿ ಎಷ್ಟು ವರ್ಷ ಅನ್ನುವುದರ ಜೊತೆಗೆ ಚಕ್ರ, ಹಿಡಿ, ಜಿಪ್ ಅದರಲ್ಲಿ ಸೇರಿವೆಯೇ, ರಿಪೇರಿ ನಮ್ಮ ಊರಲ್ಲೇ ಆಗುತ್ತದೆಯೇ ಅಂತ ಕೇಳಿ. ಕಾರ್ಡಿಗೆ ಮುದ್ರೆ ಹಾಕಿಸಿ, ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ನನ್ನ "ಗ್ಯಾರಂಟಿ ಮಾಲಿ"ಗೆ ಬಿಲ್ಲೂ ಇರಲಿಲ್ಲ, ಕಾರ್ಡೂ ಇರಲಿಲ್ಲ. ಹೋಗಿ ಕೇಳಿದರೆ ಆ ಹುಡುಗ ನನ್ನನ್ನು ನೋಡಿಯೇ ಇಲ್ಲವಂತೆ!

ಬಾಳಿಕೆಗೆ ಕೆಲವು ಮನೆಮದ್ದು. ಜಿಪ್ ಬಿಗಿಯಾದರೆ ಮೇಣದಬತ್ತಿಯ ತುಂಡು ಉಜ್ಜಿ. ಚಕ್ರಕ್ಕೆ ಸುತ್ತಿಕೊಂಡ ಕೂದಲು, ನೂಲನ್ನು ಪಿನ್ನಿನಿಂದ ತೆಗೆಯಿರಿ. ಊರಿಂದ ಬಂದ ಮೇಲೆ ಒಂದು ದಿನ ಗಾಳಿಗೆ ಬಾಯಿ ತೆರೆದಿಟ್ಟು, ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಹಾಕಿ ಮುಚ್ಚಿಡಿ. ಗುರುತಿಗೆ ಹಿಡಿಗೆ ಕೆಂಪು ದಾರದ ಕುಚ್ಚು ಕಟ್ಟಿ. ಹೊರಡುವ ಮುನ್ನ ಬರಿಗೈಯಲ್ಲಿ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಪೆಟ್ಟಿಗೆ ಹಿಡಿದು ನಿಂತು, ಎರಡರ ವ್ಯತ್ಯಾಸ ನೋಡಿಕೊಳ್ಳಿ.

ಮಗಳು ಎಲ್ಲೋ ಓದಿ ಹೇಳಿದಳು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎನ್ನುವವರು ಸೂಟ್‌ಕೇಸಿಗೆ ಚಕ್ರ ಹಾಕಿ 1972ರಲ್ಲಿ ಪೇಟೆಂಟ್ ಪಡೆದರಂತೆ. ಮೊದಮೊದಲು ಅಂಗಡಿಯವರು ಬೇಡ ಅಂದರಂತೆ. ಗಂಡಸರು ಪೆಟ್ಟಿಗೆ ಎತ್ತುವುದೇ ಗಂಡಸುತನ, ಹೆಂಗಸರ ಪೆಟ್ಟಿಗೆಯನ್ನೂ ಅವರೇ ಎತ್ತುತ್ತಾರೆ, ಚಕ್ರ ಯಾಕೆ ಅನ್ನುವ ಭಾವನೆ! ಎಳೆಯುವ ಉದ್ದ ಹಿಡಿ ಇರುವ ಈಗಿನ ಮಾದರಿಯನ್ನು 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು ಮಾಡಿದರಂತೆ. ನನ್ನ ಮದುವೆ ಪೆಟ್ಟಿಗೆಗೆ ಯಾಕೆ ಚಕ್ರ ಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸದಿದ್ದುದು ಆಗ ನೆನಪಾಯಿತು.

ಆ ಮೆಜೆಸ್ಟಿಕ್ ಪ್ರಸಂಗದ ಮುಂದಿನ ವಾರವೇ ಮಗಳಿಗೆ ಪಾಲಿಪ್ರೊಪಿಲೀನಿನ ನಡುವಿನ ಅಳತೆಯದೊಂದು ಕೊಡಿಸಿದೆ, 2,800 ರೂಪಾಯಿ. ಅಂಗಡಿಯಲ್ಲಿದ್ದ ಬೇರೆ ಚೀಲಗಳನ್ನೆಲ್ಲ ಅದರೊಳಗೆ ತುಂಬಿಸಿ, ಎತ್ತಿ ನೋಡು ಅಂತ ಅವಳ ಕೈಯಲ್ಲೇ ಎತ್ತಿಸಿದೆ. ಅಂಗಡಿಯವರು ನಕ್ಕರು, ನಗಲಿ ಬಿಡಿ. ಆ ದೀಪಾವಳಿಗೆ ಅವಳು ಒಬ್ಬಳೇ ಬಂದಳು. ಆಟೋ ಸದ್ದಿಗೆ ನಾನು ಗೇಟಿನ ತನಕ ಓಡಿ ಪೆಟ್ಟಿಗೆಗೆ ಕೈ ಹಾಕಿದರೆ, "ಬಿಡಮ್ಮ, ನಾನೇ ತರ್ತೀನಿ" ಅಂದಳು.

ಹೋದ ತಿಂಗಳು ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು. ನಮ್ಮವರಿಗೆ ರಜೆ ಸಿಗಲಿಲ್ಲ. ನಾನು ಅಟ್ಟದ ಕಡೆ ನೋಡಲೇ ಇಲ್ಲ. ಮಗಳದರಂಥದ್ದೇ ಒಂದು ನನಗೂ ಕೊಂಡಿದ್ದೆನಲ್ಲ, ಅದಕ್ಕೆ ನಾಲ್ಕು ಸೀರೆ ಹಾಕಿಕೊಂಡು ಸಂಜೆ ಬಸ್ಸಿಗೆ ನಾನೊಬ್ಬಳೇ ಹೊರಟೆ. ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆ.

ಹಾವೇರಿಯ ಸೋದರಿಗೆ ಉತ್ತರ ಸಿಕ್ಕಿತೆಂದುಕೊಂಡಿದ್ದೇನೆ. ಮಗಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಎತ್ತುವವಳು ಅವಳೇ ತಾನೇ? ಪ್ರಯಾಣಕ್ಕೆ ವಾರವಾದರೂ ಕೆಡದ ತಿಂಡಿಗಳ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ನಮಸ್ಕಾರ.