ಮಡ್‌ಗಾರ್ಡ್ ಕತ್ತರಿಸೋ ಮುಂಚೆ ಟೇಪ್ ಹಿಡೀರಿ
ಟ್ರೇಲರ್‌ಗೆ ಹೊಸ ಪಟ್ಟಿ ಹಾಕಿಸಿದ ಮೇಲೆ ಟೈರ್ ಉಜ್ಜಿದರೆ ಮಡ್‌ಗಾರ್ಡ್ ಕತ್ತರಿಸೋದು ನಮ್ಮ ಕಡೆ ಮಾಮೂಲು. ಕಳೆದ ಕಬ್ಬಿನ ಸೀಸನ್‌ನಲ್ಲಿ ಗ್ಯಾರೇಜಿನವರು ಅಪ್ಪನಿಗೂ ಅದನ್ನೇ ಹೇಳಿದ್ರು. ಬೆಂಗಳೂರಿಂದ ಫೋನಲ್ಲೇ ತಡೆದೆ: "ಅಪ್ಪಾ, ಲೋಡ್ ಹಾಕಿಸ್ಬೇಡ, ಮೊದಲು ಅಳತೆ ನೋಡು."

ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಪಿನ್ನಿನ ತೂತಿನಿಂದ ಎರಡೂ ಚಕ್ರದ ಹಬ್‌ಗೆ ಒಂದೇ ದೂರ ಇರಬೇಕು. ನಮ್ಮದರಲ್ಲಿ ಎಡಗಡೆ 1 ಇಂಚು ಜಾಸ್ತಿ. ಅಂದ್ರೆ ಆಕ್ಸಲ್ಲೇ ಓರೆ. ಪಟ್ಟಿಗಳನ್ನು ಸೇರಿಸಿ ಹಿಡಿದಿರೋ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂರಬೇಕು. ಅದು ಕೂತಿರಲೇ ಇಲ್ಲ, ಹಾಗೇ ಯು ಬೋಲ್ಟ್ ಬಿಗಿದಿದ್ದರು. ಮಡ್‌ಗಾರ್ಡ್ ಕತ್ತರಿಸಿದ್ದರೆ ಸದ್ದು ನಿಲ್ತಿತ್ತು, ಟ್ರೇಲರ್ ಓರೆಯಾಗೇ ಓಡಿ ಟೈರ್ ತಿಂದು ಹಾಕ್ತಿತ್ತು. ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಸಡಿಲಿಸಿ ಕೂರಿಸೋಕೆ ಅರ್ಧ ದಿನ ಹೋಯ್ತು. ಕಟಾವಿನ ಆಳುಗಳು ಕಾಯ್ತಾ ಕೂತಿದ್ರು, ಅಪ್ಪನ ಬೈಗುಳ ಬೇರೆ.

ಅಳತೆ ಸರಿಯಿದ್ದೂ ಲೋಡ್ ಬಿದ್ದಾಗ ಮಾತ್ರ ಉಜ್ಜಿದರೆ, ಹೊಸ ಪಟ್ಟಿಯ ಬಾಗು ಕಮ್ಮಿ ಇರಬಹುದು. ಹಳೇದನ್ನು ಗುಜರಿಗೆ ಹಾಕೋ ಮುಂಚೆ ಪಕ್ಕದಲ್ಲಿಟ್ಟು ನೋಡಿ. ನಡುವೆ ಮರದ ತುಂಡು ತುರುಕಿ ಎತ್ತರಿಸೋದಂತೂ ಬೇಡ, ಕಬ್ಬಿನ ಲೋಡು ಮೊದಲೇ ಎತ್ತರ. ಎರಡು ಟ್ರಿಪ್ ಆದ್ಮೇಲೆ ಯು ಬೋಲ್ಟ್ ನಟ್‌ಗಳನ್ನ ಇನ್ನೊಮ್ಮೆ ಬಿಗಿಸಿ. ಹೊಸ ಪಟ್ಟಿ ಒತ್ತಿ ಕೂತಂತೆಲ್ಲ ಅವು ಸಡಿಲ ಆಗ್ತವೆ.