ಓದಿಸಿದ ಸಕ್ಕರೆ

‘ದರ್ಗಾಕ್ಕ ಹೋಗಿ ಸಕ್ಕರಿ ಓದಿಸ್ಕೊಂಡ್ ಬಂದೆ.’ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಈ ಮಾತು ಕೇಳದವರಿಲ್ಲ. ಹೇಳಿದವಳು ಲಿಂಗಾಯತರ ಮನೆಯ ಸೊಸೆಯಾಗಿರಬಹುದು, ಕಬ್ಬಲಿಗರ ಅಜ್ಜಿಯಾಗಿರಬಹುದು. ಸೆರಗಿನ ತುದಿಗೆ ಗಂಟು ಹಾಕಿ ತಂದ ಸಕ್ಕರೆಯನ್ನು ದರ್ಗಾ ನೋಡಿಕೊಳ್ಳುವ ಮುಜಾವರರ ಮುಂದೆ ಬಿಚ್ಚುತ್ತಾಳೆ. ಅವರು ಅದರ ಮೇಲೆ ಫಾತಿಹಾ ಹೇಳಿ ಮರಳಿ ಕೊಡುತ್ತಾರೆ. ಮನೆಗೆ ಬಂದು ಮೊದಲ ಚಿಟಿಕೆ ಜ್ವರ ಬಂದ ಕೂಸಿನ ಬಾಯಿಗೆ. ಅರಬ್ಬಿಯ ಒಂದಕ್ಷರವೂ ಬಾರದ ಈ ತಾಯಿ ಆ ಇಡೀ ಆಚರಣೆಗೆ ‘ಓದಿಸುವುದು’ ಎಂಬ ಅಚ್ಚಗನ್ನಡದ ಹೆಸರು ಕೊಟ್ಟಿದ್ದಾಳೆ. ಪರದೇಶದ ಧರ್ಮವೊಂದು ಊರಿನದಾಗುವುದು ಹೀಗೆ, ಹೆಂಗಸರ ಬಾಯಲ್ಲಿ.

ಚೀನಾದಲ್ಲಿಯೂ ಆದದ್ದು ಇದೇ. ಅಲ್ಲಿನ ಹುಯಿ ಮುಸಲ್ಮಾನರು ಇಂದು ಒಂದು ಕೋಟಿಗೂ ಹೆಚ್ಚು. ಅವರು ಮಸೀದಿಗೆ ‘ಚಿಂಗ್‌ಚೆನ್ ಸಿ’ ಎನ್ನುತ್ತಾರೆ. ಚಿಂಗ್ ಎಂದರೆ ನಿರ್ಮಲ, ಚೆನ್ ಎಂದರೆ ಸತ್ಯ. ‘ಸಿ’ ಎಂಬುದು ಬೌದ್ಧರ ಗುಡಿಗೂ ಇರುವ ಪದ. ಷಿಯಾನ್ ನಗರದ ದೊಡ್ಡ ಮಸೀದಿ 1392ರಲ್ಲಿ ಈಗಿನ ರೂಪಕ್ಕೆ ಬಂತು. ಅದಕ್ಕೆ ಗುಮ್ಮಟವಿಲ್ಲ. ಅಂಗಳ ದಾಟಿದರೆ ಇನ್ನೊಂದು ಅಂಗಳ, ಮೇಲೆ ಹೆಂಚಿನ ಮಾಡು, ಮಿನಾರಿನ ಜಾಗದಲ್ಲಿ ಎಂಟು ಮೂಲೆಯ ಮಂಟಪ. 18ನೇ ಶತಮಾನದಲ್ಲಿ ಲ್ಯೂ ಝಿ ಎಂಬ ವಿದ್ವಾಂಸ ಇಸ್ಲಾಮಿನ ತತ್ತ್ವವನ್ನು ಕನ್‌ಫ್ಯೂಷಿಯಸ್ ಪರಂಪರೆಯ ಮಾತುಗಳಲ್ಲಿ ಚೀನೀ ಓದುಗರಿಗೆ ತಿಳಿಸಿ ಬರೆದ. ನೆಲದ ಮಾತು ಬಿಟ್ಟು ಧರ್ಮ ಬಾಳಲಾರದೆಂದು ಆತ ಬಲ್ಲ.

ಧರ್ಮಗಳು ಕೂಡಿ ಬಾಳಿದ್ದಕ್ಕೆ ನಮ್ಮ ಬಸವಕಲ್ಯಾಣದಲ್ಲಿ ಆ ಮಸೀದಿಗಿಂತ ಹಳೆಯ ಸಾಕ್ಷಿಯಿದೆ. ಶಕ 1248, ಅಂದರೆ 1326ರ ಒಂದು ಸಂಸ್ಕೃತ ಶಾಸನ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದ ಕಾಲ. ಊರಲ್ಲಿ ಗಲಭೆಯಾಗಿ ಶಿವಾಲಯದ ಪೂಜೆ ನಿಂತಿತ್ತು. ಸುಲ್ತಾನನ ಮುಸ್ಲಿಂ ಅಧಿಕಾರಿಗಳ ಒಪ್ಪಿಗೆಯಿಂದ ಗುಡಿ ದುರಸ್ತಿಯಾಗಿ ಪೂಜೆ ಮತ್ತೆ ನಡೆಯಿತೆಂದು ಆ ಕಲ್ಲು ಹೇಳುತ್ತದೆ. ತುಘಲಕ್ ಎಂದೊಡನೆ ನಮಗೆ ನೆನಪಾಗುವುದು ರಾಜಧಾನಿ ಬದಲಿಸಿದ ಹಟ. ಈ ಕಲ್ಲನ್ನು ಯಾವ ಶಾಲೆಯ ಪಾಠದಲ್ಲಿಯೂ ನಾವು ಓದಲಿಲ್ಲ. ಓದಬೇಕಿತ್ತು.

ಮಾಣಿಕಪ್ರಭುಗಳ ಮಾತೂ ಇಲ್ಲಿಯೇ ಬರಬೇಕು. 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಯಾದವರು. ದತ್ತ ಸಂಪ್ರದಾಯದ ಅವರು ಬೋಧಿಸಿದ್ದು ಸಕಲಮತ, ಎಲ್ಲ ಮತಗಳೂ ಒಂದೇ ಸತ್ಯದ ದಾರಿಗಳೆಂಬ ತಿಳಿವಳಿಕೆ. ಅವರ ದರ್ಬಾರಿಗೆ ಮುಸಲ್ಮಾನ ಭಕ್ತರೂ ಬಂದರು, ಗಾಯಕರೂ ಬಂದರು. ಅತ್ತ ಬಸವಕಲ್ಯಾಣದಲ್ಲಿ ಸೂಫಿ ಸಂತ ರಾಜಾ ಬಾಗ್‌ಸವಾರರ ದರ್ಗಾ. ಹೆಸರಿನಲ್ಲಿಯೇ ಹುಲಿ ಸವಾರಿಯಿದೆ. ಹುಲಿಯೇರಿ ಬಂದ ಸಿದ್ಧರ ಕತೆ ಕೇಳಿ ಬೆಳೆದ ಜನಕ್ಕೆ ಆ ವಲಿ ಪರಕೀಯರಾಗುವುದಾದರೂ ಹೇಗೆ?

ಹಾಲುಜೇನಿನ ಕತೆ ಮಾತ್ರ ಹೇಳಿ ಮುಗಿಸುವುದು ಸುಳ್ಳಾದೀತು. 19ನೇ ಶತಮಾನದಲ್ಲಿ ಯುನ್ನಾನಿನ ಹುಯಿ ಬಂಡಾಯ ರಕ್ತದಲ್ಲಿ ಮುಗಿಯಿತು. 1948ರಲ್ಲಿ ಬೀದರ್ ಜಿಲ್ಲೆಯ ನಮ್ಮ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ಹಿಂದೂಗಳನ್ನು ಕೊಂದರು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಇದೇ ಬೀದರ್ ಜಿಲ್ಲೆಯಲ್ಲಿ ಮುಸಲ್ಮಾನರ ಕೊಲೆಗಳಾದವು. ಎರಡನ್ನೂ ಒಟ್ಟಿಗೆ ನೆನೆಯುವ ಧೈರ್ಯ ನಮಗೆ ಬೇಕು. ಅಷ್ಟಾದ ಮೇಲೂ ಸಕ್ಕರೆ ಓದಿಸುವುದು ನಿಲ್ಲಲಿಲ್ಲವೆಂಬುದನ್ನು ಅದರ ಜೊತೆಗೇ ಬರೆದಿಡಬೇಕು.

ಸಕ್ಕರೆ ಓದಿಸುವಂತೆಯೇ ಊರಿನದಾದದ್ದು ಮೊಹರಮ್ಮಿನ ಅಲಾಯಿ ಕುಣಿತ. ಅದರ ರಿವಾಯತ್ ಪದಗಳನ್ನು, ಕರ್ಬಲಾದ ಹಾಡುಗಳನ್ನು, ಕನ್ನಡದಲ್ಲಿ ಹಾಡುವ ಹಿರಿಯರು ನಿಮ್ಮೂರಲ್ಲಿದ್ದರೆ, ಈ ಮೊಹರಮ್ಮಿನೊಳಗೆ ಅವರ ಬಳಿ ಕೂತು ಬರೆದುಕೊಳ್ಳಿ. ಅವರು ಹಾಡಿದ ಹಾಗೆಯೇ, ತಿದ್ದದೆ, ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ.